ಆದವಾನಿ ಸೀಮೆಯಲ್ಲಿ ಬೆಳ್ಳಿ ರೂಪಾಯಿ

ಚರಿತ್ರೆಯ ಆಧಾರಗಳಲ್ಲಿ ನಾಣ್ಯವೂ ಒಂದೆಂದು ನಾವೆಲ್ಲರೂ ತರಗತಿಯಲ್ಲಿ ಬೋಧಿಸುತ್ತ ಬಂದಿದ್ದೇವೆ. ಶಾಸನ, ಸಾಹಿತ್ಯ, ಪ್ರವಾಸಿಗರ ಬರಹ, ನಾಣ್ಯ ಎಂದು ನಾಲ್ಕು ಬೆರಳು ಮಡಿಚಿ, ಮಕ್ಕಳಿಂದಲೂ ಹೇಳಿಸಿ ಮುಂದಿನ ಪಾಠಕ್ಕೆ ಹೋಗುವುದು ರೂಢಿ. ಈ ನಾಲ್ಕರಲ್ಲಿ ವಿದ್ಯಾರ್ಥಿಯ ಮನೆಯ ಪೆಟ್ಟಿಗೆಯಲ್ಲಿಯೇ ದೊರೆಯಬಹುದಾದುದು ನಾಣ್ಯವೊಂದೇ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ. ಅದರಲ್ಲಿಯೂ ಆಂಗ್ಲರ ಕಾಲದ ಬೆಳ್ಳಿ ರೂಪಾಯಿ ಆದವಾನಿ, ಆಲೂರು, ಕೌತಾಳ, ಹೊಳಗುಂದಿಗಳ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಯ ತಟ್ಟೆಯಲ್ಲಿಯೋ, ಅಜ್ಜಿಯ ಸೀರೆಯ ಗಂಟಿನಲ್ಲಿಯೋ ಇಂದಿಗೂ ಉಳಿದುಕೊಂಡಿದೆ. ಅದರ ಕಥೆಯನ್ನು ನಮ್ಮ ಸೀಮೆಯ ಮಟ್ಟಿಗೆ ಸಂಗ್ರಹವಾಗಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇವೆ. ಬಾಲ್ಯದಲ್ಲಿ ಒಂದು ದೀಪಾವಳಿಯ ದಿನ ನಮ್ಮ ಅಜ್ಜಿಯ ಪೆಟ್ಟಿಗೆಯಿಂದ ಐದು ರೂಪಾಯಿಗಳನ್ನು ತೆಗೆದು, ಪೂಜೆಗೆ ಥಳಥಳಿಸಲೆಂದು ಹುಣಿಸೆಹಣ್ಣು ಮತ್ತು ಇಟ್ಟಿಗೆ ಪುಡಿ ಹಾಕಿ ಚೆನ್ನಾಗಿ ತಿಕ್ಕಿದೆವು. ಅಜ್ಜಿ ನೋಡಿ, “ಯಾಕೋ ಮಗಾ, ರಾಣಿ ಮಾರಿ ಎಲ್ಲಾ ತಿಕ್ಕಿಬಿಟ್ಟೀಯಲ್ಲೋ!” ಎಂದು ಮರುಗಿದಳು. ಅವುಗಳಲ್ಲಿ ಒಂದರ ಮೇಲೆ 1862 ಎಂಬ ಇಸವಿ ಇತ್ತು. ಆ ಇಸವಿಯ ಕೆಳಗಿನ ಸಣ್ಣ ಚುಕ್ಕೆಗಳನ್ನು ಎಣಿಸಿದರೆ ನಾಣ್ಯ ಅಚ್ಚಾದ ನಿಜವಾದ ವರ್ಷ ತಿಳಿಯುತ್ತದೆಂದು ನಾವು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ಹೋಗಿ ನೋಡಿದರೆ ಎಣಿಸಲು ಚುಕ್ಕೆಗಳೇ ಉಳಿದಿರಲಿಲ್ಲ. ನಾಣ್ಯಗಳ ವಿಚಾರದಲ್ಲಿ ನಮಗಾದ ಮೊದಲ ಪಾಠವಿದು.

ಬೆಳ್ಳಿಗೆ ಮುಂಚೆ

ನಮ್ಮ ಸೀಮೆ ಮೂಲತಃ ಚಿನ್ನ ಮತ್ತು ತಾಮ್ರದ ನಾಣ್ಯಗಳ ಸೀಮೆ. ಶಾಸನಗಳಲ್ಲಿ ಕಾಣುವುದು ಗದ್ಯಾಣ, ವರಾಹ, ಹಣ. ವಿಜಯನಗರದ ಅರಸರು ಸಣ್ಣ ಬೆಳ್ಳಿ ನಾಣ್ಯಗಳನ್ನೂ ಹೊರಡಿಸಿದ್ದರು. ಆದರೆ ರಾಜ್ಯದ ಲೆಕ್ಕವೆಲ್ಲ ಚಿನ್ನದ ವರಾಹದಲ್ಲಿಯೇ ನಡೆಯುತ್ತಿತ್ತು. ಆ ವಂಶದ ಮೊದಲ ಅರಸರಾದ ಹರಿಹರ, ಬುಕ್ಕರ ನಾಣ್ಯಗಳ ಮೇಲೆ ಕನ್ನಡ ಲಿಪಿಯಿತ್ತೆಂಬುದು ಗಡಿನಾಡಿನ ನಮಗೆ ಸಂತೋಷದ ಸಂಗತಿ. ಇಂದು ನಾವು ‘ಹಣ’ ಎಂದರೆ ಸಂಪತ್ತು ಎಂದಷ್ಟೇ ಅರ್ಥ ಮಾಡುತ್ತೇವೆ. ಮೊದಲಿಗೆ ಅದು ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರು. ‘ದುಡ್ಡು’ ಎಂಬುದೂ ಹಾಗೆಯೇ ಒಂದು ತಾಮ್ರದ ನಾಣ್ಯದ ಹೆಸರು. ‘ದುಡ್ಡು’, ‘ರೊಕ್ಕ’, ‘ಪಾವಲಿ’ ಈ ಮೂರನ್ನೂ ರಾಯಲಸೀಮೆಯ ತೆಲುಗರು ಅಲ್ಪ ಭೇದದಿಂದ ದುಡ್ಲು, ರೊಕ್ಕಂ, ಪಾವಲಾ ಎಂದು ಬಳಸುತ್ತಾರೆ. ಸಂತೆಯಲ್ಲಿ ಎರಡು ಭಾಷೆಗಳ ನಡುವೆ ಗಡಿರೇಖೆ ಎಂದೂ ಇರಲಿಲ್ಲ ಎಂಬುದಕ್ಕೆ ಈ ಮಾತುಗಳೇ ಸಾಕ್ಷಿ.

ರೂಪಾಯಿ ಉತ್ತರದಿಂದ ಬಂದದ್ದು. 1540 ರಿಂದ 1545 ರವರೆಗೆ ಆಳಿದ ಶೇರ್ ಶಾಹನು ಸುಮಾರು 178 ಗ್ರೇನು ತೂಕದ ಬೆಳ್ಳಿ ನಾಣ್ಯಕ್ಕೆ ಸ್ಥಿರವಾದ ರೂಪ ಕೊಟ್ಟನು. ಮೊಗಲರು ಅದನ್ನೇ ಮುಂದುವರಿಸಿದರು. 17 ನೆಯ ಶತಮಾನದ ಕೊನೆಯ ಭಾಗದಲ್ಲಿ ಔರಂಗಜೇಬನ ಸೈನ್ಯ ಬಿಜಾಪುರದ ಸಿದ್ದಿ ಮಸೂದನಿಂದ ಆದವಾನಿ ಕೋಟೆಯನ್ನು ಗೆದ್ದುಕೊಂಡಿತು. ಆಗ ಊರಿಗೆ ‘ಇಮ್ತಿಯಾಜ್‌ಗಢ’ ಎಂದು ಹೆಸರಾಯಿತು. ಆ ಹೆಸರನ್ನು ಹೊತ್ತ ಮೊಗಲ್ ನಾಣ್ಯಗಳು ದೊರೆತಿವೆ. ಅಂದರೆ ಇಂದು ಹತ್ತಿಯ ಮಾರುಕಟ್ಟೆಯೆಂದು ಹೆಸರಾಗಿರುವ ನಮ್ಮ ಆದವಾನಿಯಲ್ಲಿ ಒಂದು ಕಾಲಕ್ಕೆ ಟಂಕಸಾಲೆಯೇ ಇತ್ತು. ಮುಂದೆ ಇದು ನಿಜಾಮ್ ಅಲಿಯ ತಮ್ಮ ಬಸಾಲತ್ ಜಂಗನ ಜಾಗೀರಾಯಿತು. ಅವನು 1782 ರಲ್ಲಿ ತೀರಿಕೊಂಡ ಮೇಲೆ, 1786 ರಲ್ಲಿ ಟಿಪ್ಪು ಸುಲ್ತಾನನು ಕೋಟೆಯನ್ನು ಹಿಡಿದನು. ಹೀಗೆ ಆಳುವವರು ಬದಲಾದಂತೆಲ್ಲ ನಾಣ್ಯಗಳ ಬಗೆಗಳೂ ಹೆಚ್ಚಿದವು. ಯಾವ ನಾಣ್ಯಕ್ಕೆ ಎಷ್ಟು ವಟ್ಟ ಹಿಡಿಯಬೇಕೆಂದು ಹೇಳಬಲ್ಲವನು ಚಿನಿವಾರನೊಬ್ಬನೇ. ಒಕ್ಕಲಿಗನು ಅವನ ಮಾತನ್ನು ನಂಬಲೇಬೇಕಾಗಿತ್ತು.

ಕಂಪನಿಯ ರೂಪಾಯಿ

1800 ನೆಯ ಅಕ್ಟೋಬರ್ 12 ರ ಒಪ್ಪಂದದಿಂದ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನಷ್ಟೆ. ‘ದತ್ತಮಂಡಲ’ಗಳೆಂದು ಹೆಸರಾದ ಇವುಗಳಲ್ಲಿ ಆದವಾನಿಯೂ ಸೇರಿತ್ತು. 1800 ರಿಂದ 1807 ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದವನು ಥಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರನಾಗಿ 1827 ರಲ್ಲಿ ಅವನು ಕಾಲರಾ ತಗುಲಿ ಮಡಿದದ್ದೂ ಇದೇ ಜಿಲ್ಲೆಯ ಪತ್ತಿಕೊಂಡದಲ್ಲಿ.

ಆಗ ಮದರಾಸಿನ ಕಂಪನಿಯ ಲೆಕ್ಕದಲ್ಲಿ ಒಂದು ವರಾಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು. ಸುಮಾರು 1807–08 ರಲ್ಲಿ ಕಂಪನಿ ಬೆಳ್ಳಿಯಲ್ಲಿ ಅರ್ಧ ವರಾಹ, ಕಾಲು ವರಾಹಗಳನ್ನು ಹೊರಡಿಸಿತು. ಒಂದು ಮಗ್ಗುಲಲ್ಲಿ ದೇವಾಲಯದ ಗೋಪುರ, ಇನ್ನೊಂದು ಮಗ್ಗುಲಲ್ಲಿ ವಿಷ್ಣುವಿನ ಮೂರ್ತಿ, ಸುತ್ತಲೂ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಬರಹ. ನಾಲ್ಕು ಲಿಪಿಗಳಿದ್ದ ಆ ನಾಣ್ಯದಲ್ಲಿ ಕನ್ನಡಕ್ಕೆ ಸ್ಥಳ ಸಿಗಲಿಲ್ಲ. ಅದೇ ಶತಮಾನದಲ್ಲಿ ಕನ್ನಡವನ್ನು ಕಾಣಬೇಕಾದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳನ್ನು ನೋಡಬೇಕು.

1818 ನೆಯ ಜನವರಿಯಲ್ಲಿ ಮದರಾಸು ಸರ್ಕಾರ ವರಾಹವನ್ನು ಬಿಟ್ಟು ರೂಪಾಯಿಯನ್ನೇ ಪ್ರಮಾಣ ನಾಣ್ಯವೆಂದು ಸಾರಿತು. ನೂರು ವರಾಹಕ್ಕೆ 350 ರೂಪಾಯಿ ಎಂದು ದರ ಗೊತ್ತಾಯಿತು. ಶತಮಾನಗಳ ಕಾಲ ಚಿನ್ನದಲ್ಲಿ ಎಣಿಸುತ್ತಿದ್ದ ಸೀಮೆ ಅಂದಿನಿಂದ ಬೆಳ್ಳಿಯಲ್ಲಿ ಎಣಿಸತೊಡಗಿತು. 1835 ರ ನಾಣ್ಯ ಕಾಯಿದೆಯಿಂದ ಕಂಪನಿಯ ಆಡಳಿತದ ಎಲ್ಲ ಪ್ರಾಂತಗಳಿಗೂ ಒಂದೇ ರೂಪಾಯಿ ಬಂದಿತು. ಅದರ ತೂಕ 180 ಗ್ರೇನು, ಎಂದರೆ 11.66 ಗ್ರಾಮು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಮುಖದಲ್ಲಿ ನಾಲ್ಕನೆಯ ವಿಲಿಯಂ ದೊರೆಯ ತಲೆ, ಹಿಂಬದಿಯಲ್ಲಿ ಕಂಪನಿಯ ಹೆಸರು.

ಇಲ್ಲಿ ಒಂದು ಸಂಗತಿಯನ್ನು ಅವಶ್ಯವಾಗಿ ಹೇಳಬೇಕು. ಈ ಸಮಾನ ನಾಣ್ಯ ಪದ್ಧತಿಗಾಗಿ ದುಡಿದವರಲ್ಲಿ ಕಲ್ಕತ್ತೆಯ ಟಂಕಸಾಲೆಯ ಲೋಹ ಪರೀಕ್ಷಕನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಒಬ್ಬನು. ಹಳೆಯ ನಾಣ್ಯಗಳ ಮೇಲಿನ ಅಕ್ಷರಗಳ ಹಂಬಲದಿಂದಲೇ ಅವನು ಬ್ರಾಹ್ಮೀ ಲಿಪಿಯ ಕಡೆಗೆ ತಿರುಗಿ, 1837 ರಲ್ಲಿ ಅದನ್ನು ಓದಿದನು. ಅಶೋಕನ ಶಾಸನಗಳು ಬಾಯಿ ಬಿಟ್ಟದ್ದು ಹಾಗೆ. ನಮ್ಮ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳನ್ನೂ, ಹೊಳೆಯಾಚೆ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವನ್ನೂ ನಾವು ಇಂದು ಓದಬಲ್ಲೆವಾದರೆ, ಅದಕ್ಕೆ ಮೂಲ ನಾಣ್ಯಗಳನ್ನು ಭೂತಗನ್ನಡಿಯಿಂದ ನೋಡುತ್ತ ಕುಳಿತವನ ಶ್ರಮ. ನಾಣ್ಯ ಸಂಗ್ರಹ ಕೆಲಸವಿಲ್ಲದವರ ಕೆಲಸವೆಂದು ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕಲ್ದಾರವೂ ಹಾಲಿಯೂ

ರೂಪಾಯಿ ಬರಿಯ ನಾಣ್ಯವಾಗಿರಲಿಲ್ಲ, ತೂಕದ ಬಟ್ಟೂ ಆಗಿತ್ತು. ಒಂದು ರೂಪಾಯಿಯ ತೂಕವೇ ಒಂದು ತೊಲೆ, 80 ತೊಲೆಗೆ ಒಂದು ಪಕ್ಕಾ ಸೇರು, 40 ಸೇರಿಗೆ ಒಂದು ಮಣ. ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ರಾಣಿಯ ರೂಪಾಯಿ ಇಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

1871 ರಲ್ಲಿ ಮದರಾಸಿನ ರೈಲುದಾರಿಯೂ ಮುಂಬಯಿಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಆದವಾನಿ ಆ ದಾರಿಯ ಮೇಲೆಯೇ ಬಿದ್ದಿತು. ಇಲ್ಲಿಂದ ಹತ್ತಿ ಹೋಗುತ್ತಿತ್ತು, ರೂಪಾಯಿ ಬರುತ್ತಿತ್ತು. ತುಂಗಭದ್ರೆಯ ಈಚೆ ದಡ ಆಂಗ್ಲರದು, ಆಚೆ ದಡ ನಿಜಾಮನದು. ಆಚೆಯ ರೂಪಾಯಿಗೆ ‘ಹಾಲಿ ಸಿಕ್ಕಾ’ ಎಂದೂ, ಈಚೆಯ ಯಂತ್ರದ ಅಚ್ಚಿನ ರೂಪಾಯಿಗೆ ‘ಕಲ್ದಾರ’ ಎಂದೂ ಹೆಸರು. ‘ಕಲ’ ಎಂದರೆ ಯಂತ್ರ. 20 ನೆಯ ಶತಮಾನದ ಆರಂಭದಲ್ಲಿ ಹಾಲಿಯೂ ಯಂತ್ರದಲ್ಲಿ ಅಚ್ಚಾಗಿ, ಚಾರ್ಮಿನಾರಿನ ಮುದ್ರೆ ಪಡೆಯಿತು. ಆದರೂ ಹೆಸರುಗಳು ಮಾತ್ರ ಬದಲಾಗಲಿಲ್ಲ.

ಇವೆರಡರ ವಿನಿಮಯ 6 ಕಲ್ದಾರಕ್ಕೆ 7 ಹಾಲಿ. ಅಂದರೆ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ದರ ಎಲ್ಲಿಂದ ಬಂದಿತು? ಅಧ್ಯಾಪಕರು ಇದನ್ನು ತರಗತಿಯಲ್ಲಿ ಲೆಕ್ಕವಾಗಿಯೇ ಕೊಡಬಹುದು. ಕಲ್ದಾರದ 11.66 ಗ್ರಾಮಿನಲ್ಲಿ ಶುದ್ಧ ಬೆಳ್ಳಿ 10.69 ಗ್ರಾಮು. ಹಾಲಿಯ ತೂಕ 11.18 ಗ್ರಾಮು, ಬೆಳ್ಳಿ ಶೇಕಡಾ 81.8, ಎಂದರೆ 9.14 ಗ್ರಾಮು. ಭಾಗಿಸಿ ನೋಡಿದರೆ 100 ಕಲ್ದಾರದ ಬೆಳ್ಳಿಗೆ ಸುಮಾರು 117 ಹಾಲಿಯ ಬೆಳ್ಳಿ ಸಮ. ಗಡಿಯ ಸಂತೆಯಲ್ಲಿ ಎರಡು ಸರ್ಕಾರಗಳ ಮುದ್ರೆ ಪಕ್ಕಪಕ್ಕದಲ್ಲಿದ್ದರೂ ಜನ ತೂಗಿದ್ದು ಬೆಳ್ಳಿಯನ್ನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 1950 ರಲ್ಲಿ ಭಾರತದ ನಾಣ್ಯ ಹೈದರಾಬಾದಿಗೂ ಬಂದಿತು. ಹಾಲಿ ಸಿಕ್ಕಾ 1959 ರ ವೇಳೆಗೆ ಪೂರ್ತಿ ಚಲಾವಣೆ ತಪ್ಪಿತು.

ಬರದ ಕಾಲದ ಬೆಳ್ಳಿ

ನಮ್ಮ ಕಡೆಯ ಬೆಳ್ಳಿಯ ಕಥೆಯಲ್ಲಿ ಮುಖ್ಯವಾದ ಭಾಗ ಬರದ್ದು. 1876–78 ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿ ಅತಿಯಾಗಿ ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲುಗಳು ಸೇರಿದ್ದವು. ಆದವಾನಿ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದಂತೆ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಕೂಲಿ. ಆ ಕೂಲಿಯಲ್ಲಿ ಬದುಕಲಾರದವರು ಮೈಮೇಲಿನ ಬೆಳ್ಳಿಯನ್ನು ಮಾರಿದರು.

ಆ ಕಾಲಕ್ಕೆ ಇನ್ನೂ ಒಂದು ಅನುಕೂಲವಿತ್ತು. ಯಾರೇ ಆಗಲಿ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು, ಕೂಲಿ ತೆತ್ತು, ರೂಪಾಯಿಯಾಗಿ ಅಚ್ಚು ಹಾಕಿಸಬಹುದಾಗಿತ್ತು. ಆದುದರಿಂದ ಕಾಲ್ಕಡಗದ ಬೆಳ್ಳಿಗೂ ರೂಪಾಯಿಯ ಬೆಳ್ಳಿಗೂ ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಆದರೆ 1870 ರ ದಶಕದಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತ ಬಂದು, ಲಂಡನ್ನಿಗೆ ಕಟ್ಟಬೇಕಾದ ಹಣದ ಭಾರ ಹೆಚ್ಚಿತು. 1893 ನೆಯ ಜೂನ್ 26 ರಂದು ಸರ್ಕಾರ ಟಂಕಸಾಲೆಯ ಬಾಗಿಲನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿಬಿಟ್ಟಿತು. ಅಂದಿನಿಂದ ರೂಪಾಯಿಯ ಬೆಲೆ ಬೇರೆ, ಅದರೊಳಗಿನ ಬೆಳ್ಳಿಯ ಬೆಲೆ ಬೇರೆ.

ಮೂರೇ ವರ್ಷಗಳಲ್ಲಿ, 1896–97 ರಲ್ಲಿ, ದತ್ತಮಂಡಲಗಳಿಗೆ ಮತ್ತೆ ಬರ ಬಂದಿತು. ಆಗ ಒಂದು ರೂಪಾಯಿಯಲ್ಲಿದ್ದ ಬೆಳ್ಳಿಯ ಪೇಟೆ ಬೆಲೆ ಸುಮಾರು ಹತ್ತು ಹನ್ನೊಂದು ಆಣೆ. ಪೆಟ್ಟಿಗೆಯಲ್ಲಿ ರೂಪಾಯಿಗಳನ್ನೇ ಇಟ್ಟುಕೊಂಡಿದ್ದವಳಿಗೆ ರೂಪಾಯಿಗೆ ಹದಿನಾರಾಣೆಯ ಜೋಳ ಸಿಕ್ಕಿತು. ಅದೇ ರೂಪಾಯಿಗಳನ್ನು ಕರಗಿಸಿ ಕಡಗ ಮಾಡಿಸಿಕೊಂಡವಳಿಗೆ ಹತ್ತಾಣೆಯ ಜೋಳ. ಎಲ್ಲಿಯೋ ದೂರದಲ್ಲಿ ಬರೆದ ಒಂದು ಕಾಯಿದೆ ಬಡವಳ ಕಾಲಿನ ಬೆಳ್ಳಿಯಿಂದ ಮೂರರಲ್ಲೊಂದು ಪಾಲನ್ನು ಸದ್ದಿಲ್ಲದೆ ತೆಗೆದುಕೊಂಡಿತ್ತು. ನಮ್ಮ ಹಳೆಯ ಮುದುಕಿಯರು “ಒಡವೆಗಿಂತ ಬಿಲ್ಲೆಯೇ ಮೇಲು” ಎಂದು ರೂಪಾಯಿಗೆ ಕುಣಿಕೆ ಹಾಕಿಸಿ ಸರದಲ್ಲಿ ಪೋಣಿಸಿಕೊಳ್ಳುತ್ತಿದ್ದುದು ಬರಿಯ ಚಂದಕ್ಕೆ ಇರಲಾರದೆಂದು ನಾವು ಊಹಿಸುತ್ತೇವೆ. ಸರ ಬಿಚ್ಚಿದರೆ ರೂಪಾಯಿ ರೂಪಾಯಿಯೇ.

ಬೆಳ್ಳಿಯ ಕೊನೆಯ ದಿನಗಳು

ಮೊದಲ ಮಹಾಯುದ್ಧದಲ್ಲಿ ಚಕ್ರ ಹಿಂದಕ್ಕೆ ತಿರುಗಿತು. ಬೆಳ್ಳಿಯ ಬೆಲೆ ಏರಿತು, ರೂಪಾಯಿಯ ಅಭಾವ ತಲೆದೋರಿತು. 1917 ರಲ್ಲಿ ಒಂದು ರೂಪಾಯಿಯ ನೋಟು ಬಂದಿತು. 1918 ರಲ್ಲಿ ಅಮೆರಿಕವು ತನ್ನ ಭಂಡಾರದಿಂದ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಮಾರಿತು. ಅದು ಸುಮಾರು 58 ಕೋಟಿ ರೂಪಾಯಿಗಳನ್ನು ಅಚ್ಚು ಹಾಕುವಷ್ಟು ಬೆಳ್ಳಿ. ಅಮೆರಿಕದ ಡಾಲರುಗಳು ಕರಗಿ ಐದನೆಯ ಜಾರ್ಜ್ ದೊರೆಯ ರೂಪಾಯಿಗಳಾಗಿ ನಮ್ಮ ಹತ್ತಿ ಬೆಳೆಗಾರರ ಸೊಂಟದ ಚೀಲ ಸೇರಿದವೆಂದರೆ ತಪ್ಪಾಗದು. 1918–19 ರಲ್ಲಿ ಎರಡಾಣೆ, ನಾಲ್ಕಾಣೆ, ಎಂಟಾಣೆಗಳು ನಿಕ್ಕಲ್ ಬೆರೆತ ಲೋಹಕ್ಕೆ ಇಳಿದವು.

ಎರಡನೆಯ ಯುದ್ಧ ರೂಪಾಯಿಯ ಬೆಳ್ಳಿಯನ್ನೇ ತೆಗೆಯಿತು. 1940 ರಲ್ಲಿ ಅದು ಅರ್ಧಕ್ಕಿಳಿಯಿತು. ವಿಕ್ಟೋರಿಯಾ ರಾಣಿಯ ರೂಪಾಯಿ 1941 ರಲ್ಲಿ, ಏಳನೆಯ ಎಡ್ವರ್ಡನದು 1942 ರಲ್ಲಿ, ಐದನೆಯ ಜಾರ್ಜನದೂ ಆರನೆಯ ಜಾರ್ಜನ ಹಳೆಯ ಬೆಳ್ಳಿಯದೂ 1943 ರಲ್ಲಿ ಚಲಾವಣೆಯಿಂದ ಹೊರಬಿದ್ದವು. ಯುದ್ಧದಲ್ಲಿ ಅಮೆರಿಕದಿಂದ ಸಾಲವಾಗಿ ಬಂದಿದ್ದ ಸುಮಾರು 22 ಕೋಟಿ 60 ಲಕ್ಷ ಔನ್ಸ್ ಬೆಳ್ಳಿಯಲ್ಲಿ ತನ್ನ ಪಾಲನ್ನು ಭಾರತ 1957 ರಲ್ಲಿ ಬೆಳ್ಳಿಯಾಗಿಯೇ ತೀರಿಸಿತು. 1947 ರಲ್ಲಿ ನಿಕ್ಕಲ್ ರೂಪಾಯಿ ಬಂದು, 1957 ನೆಯ ಏಪ್ರಿಲ್ 1 ರಿಂದ ಆಣೆ ಹೋಗಿ ನಯಾ ಪೈಸೆ ಬಂದಿತು.

1818 ರಿಂದ 1943 ಕ್ಕೆ 125 ವರ್ಷ. ನಮ್ಮ ಸೀಮೆಯಲ್ಲಿ ಬೆಳ್ಳಿ ರೂಪಾಯಿಯ ಆಯುಷ್ಯ ಇಷ್ಟೇ. ಈ ನಡುವೆ ಕೋಟ್ಯಂತರ ನಾಣ್ಯಗಳು ಮೂಸೆಗೆ ಹೋದವು. ಉಳಿದವು ಇಂದಿಗೂ ಹೋಗುತ್ತಿವೆ.

ಗುರುತಿಸುವ ಬಗೆ

ಸಂಗ್ರಹಿಸುವವರಿಗೆ ಕೆಲವು ಗುರುತುಗಳನ್ನು ಹೇಳುತ್ತೇವೆ. 1840 ಎಂಬ ಇಸವಿಯ ರೂಪಾಯಿಗಳು 1862 ರವರೆಗೂ ಅದೇ ಇಸವಿಯಲ್ಲಿ ಅಚ್ಚಾದವು. ರಾಣಿಯ ಹೆಸರು ತಲೆಯ ಮೇಲೆ ಒಂದೇ ಸಾಲಾಗಿ ಬಾಗಿದ್ದರೆ ಅದು ಮೊದಲ ಬಗೆ, ತಲೆಯ ಎರಡು ಕಡೆ ಒಡೆದಿದ್ದರೆ ಎರಡನೆಯ ಬಗೆ. 1862 ರ ಇಸವಿಯೂ 1874 ರವರೆಗೆ ನಿಂತಿತ್ತು. ಅಲ್ಲಿ ಚುಕ್ಕೆಗಳನ್ನು ನೋಡಬೇಕು. 1877 ರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂದಿತು. ಮದರಾಸಿನ ಟಂಕಸಾಲೆ 1869 ರಲ್ಲಿ ಮುಚ್ಚಿದ್ದರಿಂದ ‘ಎಂಪ್ರೆಸ್’ ರೂಪಾಯಿಗಳೆಲ್ಲ ಕಲ್ಕತ್ತೆ, ಮುಂಬಯಿಗಳವು. ಐದನೆಯ ಜಾರ್ಜನ ನಾಣ್ಯದ ಹಿಂಬದಿಯಲ್ಲಿ ಕೆಳಗಿನ ತಾವರೆಯ ಅಡಿಯಲ್ಲಿ ಚುಕ್ಕೆಯಿದ್ದರೆ ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. 1911 ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನರಲ್ಲಿ ಗಲಭೆಯೆದ್ದು, 1912 ರಲ್ಲಿ ಅದನ್ನು ತಿದ್ದಿದರು. ಹಂದಿಯಂಥ ಆನೆಯ ರೂಪಾಯಿ ಸಿಕ್ಕರೆ ಜೋಪಾನ ಮಾಡತಕ್ಕದ್ದು.

ಮೋಸಗಳೂ ಇವೆ. ರಾಮಪಟ್ಟಾಭಿಷೇಕ, ಹನುಮಂತ ಮೊದಲಾದ ಚಿತ್ರಗಳಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ಬಿಲ್ಲೆಗಳನ್ನು ಜಾತ್ರೆಗಳಲ್ಲಿ ದೊಡ್ಡ ಬೆಲೆಗೆ ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಇನ್ನೊಂದು ಎಚ್ಚರಿಕೆ: ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ 1878 ರ ನಿಧಿ ಕಾಯಿದೆಯಂತೆ ಕಲೆಕ್ಟರಿಗೆ ತಿಳಿಸಬೇಕು. ಅದನ್ನು ಹಂಚಿಕೊಳ್ಳುವುದು ಅಪರಾಧ, ಕರಗಿಸುವುದು ಚರಿತ್ರೆಗೂ ಅಪರಾಧ.

ನಮ್ಮ ಕೆಲಸ

ಕೆಲವು ವರ್ಷಗಳ ಹಿಂದೆ ನಾವಿದ್ದ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಒಬ್ಬ ವಿದ್ಯಾರ್ಥಿನಿ ತನ್ನ ಮನೆಯಿಂದ ಒಂಬತ್ತು ರೂಪಾಯಿಗಳ ಸರವೊಂದನ್ನು ತಂದಿದ್ದಳು. ಕೆಂಪು ದಾರ, ಬೆಳ್ಳಿಯ ಕುಣಿಕೆಗಳು, ಒಂಬತ್ತರಲ್ಲಿ ಎರಡು ಹಾಲಿ. ಹೊಳೆಯಾಚೆಯಿಂದ ಮದುವೆಯಾಗಿ ಬಂದ ಮುತ್ತಜ್ಜಿಯದೆಂದು ಹೇಳಿದಳು. ನಾವು ಮೆಚ್ಚಿ ಬಹುಮಾನ ಕೊಟ್ಟೆವೇ ಹೊರತು ಇಸವಿಗಳನ್ನು ಬರೆದುಕೊಳ್ಳಲಿಲ್ಲ. ಮುತ್ತಜ್ಜಿಯ ತೌರೂರು ಯಾವುದೆಂದೂ ಕೇಳಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಪಡುವಣ ತಾಲ್ಲೂಕುಗಳಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಜನ ಗುಳೆ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಆ ಕುಟುಂಬವೂ ಹೊರಟಿತು. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಬೆಳೆದವು. ಸರವನ್ನು ಪೇಟೆಯಲ್ಲಿ ತೂಕಕ್ಕೆ ಕೊಟ್ಟರೆಂದು ಆಮೇಲೆ ತಿಳಿಯಿತು. ಮಾರಿದ್ದಕ್ಕೆ ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಬರಕ್ಕೆಂದೇ ಇಟ್ಟ ಬೆಳ್ಳಿ ಬರಕ್ಕೆ ಒದಗಿತು. ಆದರೆ ಹೊಳೆಯ ಎರಡು ದಡಗಳ ಸಂಬಂಧಕ್ಕೆ ಸಾಕ್ಷಿಯಾಗಿದ್ದ ಆ ಸರದ ವಿವರ ಒಂದು ಹಾಳೆಯ ಮೇಲೂ ಉಳಿಯದೆ ಹೋದದ್ದು ನಮ್ಮ ತಪ್ಪು. ಹುಣಿಸೆಹಣ್ಣಿನಿಂದ ತಿಕ್ಕಿದ ತಪ್ಪಿಗಿಂತ ಇದು ದೊಡ್ಡದು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ನಾಣ್ಯಗಳನ್ನು ಕೊಳ್ಳಬೇಕಾಗಿಲ್ಲ, ಮಕ್ಕಳಿಂದ ಇಸಿದುಕೊಳ್ಳಲೂ ಕೂಡದು. ಪ್ರತಿ ಶಾಲೆಯಲ್ಲಿ ಒಂದು ನೋಟುಪುಸ್ತಕ ಇಡೋಣ. ನಾಣ್ಯದ ಮೇಲೆ ತೆಳುವಾದ ಕಾಗದವಿಟ್ಟು ಸೀಸದಕಡ್ಡಿಯಿಂದ ಮೃದುವಾಗಿ ತೀಡಿದರೆ ಎರಡು ಮಗ್ಗುಲೂ ಮೂಡುತ್ತವೆ. ಅದರ ಕೆಳಗೆ ಇಸವಿ, ಚುಕ್ಕೆ, ತೂಕ, ಯಾವ ಊರಿನದು, ಯಾವ ಯಾವ ನಾಣ್ಯಗಳ ಜೊತೆಯಲ್ಲಿತ್ತು, ಮನೆಯವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದು, ನಾಣ್ಯವನ್ನು ತಿಕ್ಕದೆ ತೊಳೆಯದೆ ಮರಳಿ ಕೊಡೋಣ. ಮನೆಯವರ ಹೆಸರು ಬೇಡ. ಊರಿನ ಹೆಸರು ಸಾಕು. ಯಾವ ಊರಿನಲ್ಲಿ ಎಷ್ಟು ಹಾಲಿ, ಎಷ್ಟು ಕಲ್ದಾರ ಎಂದು ಹತ್ತು ಶಾಲೆಗಳ ಪುಸ್ತಕಗಳನ್ನು ಜೋಡಿಸಿದರೆ, ಮದುವೆಗಳು, ಸಂತೆಗಳು, ಗುಳೆಗಳು ನಡೆದ ದಾರಿಗಳ ಭೂಪಟವೇ ಸಿದ್ಧವಾದೀತು.

1953 ನೆಯ ಅಕ್ಟೋಬರ್ 1 ರಂದು ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಆಡಳಿತದ ಕಾಗದಗಳಲ್ಲಿ ನಮ್ಮ ಸೀಮೆಯ ಹಳೆಯ ಸಂಬಂಧಗಳು ಹಂಚಿಹೋಗಿವೆ. ಆಂಗ್ಲರು ಕನ್ನಡವನ್ನು ತಮ್ಮ ಬೆಳ್ಳಿಯ ಮೇಲೆ ಬರೆಯಲಿಲ್ಲ. ಇಂದಿನ ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡವೂ ತೆಲುಗೂ ಒಂದೇ ಸಾಲಿನಲ್ಲಿ ಮೇಲೆ ಕೆಳಗೆ ಇವೆ. ಆ ಬೆಳ್ಳಿಯ ಕಥೆಯನ್ನು ಕನ್ನಡದಲ್ಲಿ ಬರೆದಿಡುವುದು ಈಗ ನಮ್ಮ ಪಾಲಿಗೆ ಬಂದ ಕೆಲಸ. ಮುಂದಿನ ವರ್ಷದ ವಸ್ತುಪ್ರದರ್ಶನಕ್ಕೆ ಇನ್ನೊಂದು ಮಗು ಇನ್ನೊಂದು ಸರವನ್ನು ತಂದೀತು. ಅಂದು ಬಹುಮಾನ ಕೊಡುವ ಮುನ್ನ ಸೀಸದಕಡ್ಡಿಯನ್ನು ಕೈಗೆ ತೆಗೆದುಕೊಳ್ಳೋಣ.